ಅವ್ವನ ಸಾಲಿ ಬಿಡಿಸಿದ ಚಿರ್ಚಿ

ನಮ್ಮ ಓಣಿಯ ಹೆಂಗಸರು ಕೂಡಿ ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗಿಬರುವ ರೂಢಿ ಇಟ್ಟುಕೊಂಡಿದ್ದೇವೆ. ಸವದತ್ತಿ ಎಲ್ಲಮ್ಮ, ಧರ್ಮಸ್ಥಳ, ಗೋಕರ್ಣ, ಪಂಢರಪುರ ಎಲ್ಲ ಆಗಿವೆ. ಒಂದು ಗಾಡಿ ಗೊತ್ತು ಮಾಡುವುದು, ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿಕೊಳ್ಳುವುದು, ದೇವರ ಹೆಸರು ಹೇಳಿ ಮನೆಯಿಂದ ಹೊರಬೀಳುವುದು. ದೇವರ ಹೆಸರು ಹೇಳಿದರೆ ಮನೆಯ ಗಂಡಸರು ಬೇಡವೆನ್ನುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ಮಾತೇ. ಹೋದ ವರ್ಷ ಮಳೆಗಾಲದ ಒಂದು ಸಂಜೆ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಈ ಮಾತು ಎದ್ದಿತು. ಒಬ್ಬರು ಮಂತ್ರಾಲಯ ಎಂದರು, ಇನ್ನೊಬ್ಬರು ತುಳಜಾಪುರ ಎಂದರು. ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ನಮ್ಮವ್ವ ಮೊರ ಕೆಳಗಿಟ್ಟು, "ದೇವರನ್ನ ಭಾಳ ನೋಡೀನಿ. ನನಗ ಒಮ್ಮೆ ಚಿರ್ಚಿ ತೋರಸ್ರಿ" ಅಂದಳು.

ಎಲ್ಲರೂ ನಕ್ಕರು. ಅವ್ವನಿಗೆ ಆಗ 82 ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ನಾನು ಮಾತ್ರ ನಗಲಿಲ್ಲ. ಯಾಕೆಂದರೆ ಆ ಚಿರ್ಚಿಯ ಕತೆ ನನಗೆ ಸಣ್ಣಂದಿನಿಂದ ಗೊತ್ತಿತ್ತು.

ಅವ್ವ ಹುಟ್ಟಿದ್ದು ಬಾದಾಮಿ ಗುಡ್ಡದ ಬೆನ್ನಿಗಿರುವ ಒಂದು ಸಣ್ಣ ಹಳ್ಳಿಯಲ್ಲಿ. ಊರಲ್ಲಿ ಸಾಲಿ ಇರಲಿಲ್ಲ. ಗುಡ್ಡದ ಆಚೆಯ ಊರಿಗೆ, ಕೆಂಪು ಬಂಡೆಗಳ ನಡುವಿನ ಕಾಲುದಾರಿ ಹಿಡಿದು, ಒಂದು ತಾಸು ನಡೆದು ಹೋಗಬೇಕಿತ್ತು. ಎಂಟೊಂಬತ್ತು ಗಂಡುಹುಡುಗರು, ಮೂವರು ಹೆಣ್ಣುಮಕ್ಕಳು ಹೋಗುತ್ತಿದ್ದರು. 1952ನೇ ಇಸವಿ. ಆಗ ನಮ್ಮದು ಬಿಜಾಪುರ ಜಿಲ್ಲೆ, ಮುಂಬಯಿ ರಾಜ್ಯ. ಅವ್ವ ನಾಲ್ಕನೆಯ ಇಯತ್ತೆ. ಆ ಚಳಿಗಾಲದಲ್ಲಿ ದಾರಿಯ ಪಕ್ಕದ ಹಳ್ಳದಲ್ಲಿ ಚಿರತೆಯೊಂದು ಯಾರದೋ ಕರುವನ್ನು ಕೊಂದು ಬಂಡೆಯ ಮೇಲಕ್ಕೆ ಎಳೆದೊಯ್ದಿತು. ಊರಲ್ಲಿ ಹಿರಿಯರು ಕೂಡಿ ಮಾತಾಡಿದರು. ಗಂಡುಹುಡುಗರು ಕೈಯಲ್ಲಿ ಬಡಿಗೆ ಹಿಡಿದು ಗುಂಪಾಗಿ ಹೋಗಬೇಕೆಂದೂ, ಹುಡುಗಿಯರು ಸದ್ಯ ಮನೆಯಲ್ಲೇ ಇರಬೇಕೆಂದೂ ತೀರ್ಮಾನವಾಯಿತು.

ಒಂದೂವರೆ ತಿಂಗಳಾದ ಮೇಲೆ ಪರವಾನಿಗೆ ಬಂದೂಕಿದ್ದ ಒಬ್ಬರು ಅದನ್ನು ಹೊಡೆದರು. ಚಕ್ಕಡಿಯಲ್ಲಿ ಹಾಕಿ ಚಾವಡಿಯ ಮುಂದೆ ತಂದು ಇಳಿಸಿದರಂತೆ. ಊರೆಲ್ಲ ಹೋಗಿ ನೋಡಿತು. ಸತ್ತ ಚಿರತೆಯ ಹಣೆಗೆ ಯಾರೋ ಕುಂಕುಮ ಹಚ್ಚಿದರಂತೆ. ಅವ್ವನಿಗೆ ಮಾತ್ರ ಆ ಹೊತ್ತಿಗೆ ತೊಟ್ಟಿಲಲ್ಲಿದ್ದ ತಮ್ಮನನ್ನು ತೂಗುವ ಕೆಲಸ. ತೂಗಿ ಮಲಗಿಸಿ ಓಡಿಹೋಗುವಷ್ಟರಲ್ಲಿ ಚಕ್ಕಡಿ ಬಾದಾಮಿಯ ದಾರಿ ಹಿಡಿದಿತ್ತು.

ಚಿರತೆ ಹೋಯಿತು, ದಾರಿ ಸುಗಮವಾಯಿತು. ಆದರೆ ಹುಡುಗಿಯರನ್ನು ಮತ್ತೆ ಸಾಲಿಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. "ಸದ್ಯ" ಎಂದಿದ್ದು ಹಾಗೆಯೇ ನಿಂತುಬಿಟ್ಟಿತು. ಅವ್ವನ ಅಣ್ಣ ಅದೇ ದಾರಿಯಲ್ಲಿ ನಡೆದು ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾದ. ಮುಲ್ಕಿ ಅಂದರೆ ಏಳನೆಯ ಇಯತ್ತೆ; ಅಷ್ಟಾದರೆ ಸಾಕು, ಆ ಕಾಲಕ್ಕೆ ಪ್ರಾಥಮಿಕ ಶಾಲೆಯ ನೌಕರಿ ಸಿಗುತ್ತಿತ್ತು. ಅವ್ವ ಲೆಕ್ಕದಲ್ಲಿ ಅಣ್ಣನಿಗಿಂತ ಚುರುಕಾಗಿದ್ದಳೆಂದು ಮಾವ ತಾನೇ ಹೇಳುತ್ತಿದ್ದ. ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವೆಂದು ಮುಂಬಯಿ ಸರಕಾರ 1947ರಲ್ಲಿಯೇ ಕಾಯಿದೆ ಮಾಡಿತ್ತು. 1951ರ ಜನಗಣತಿಯ ಪ್ರಕಾರ ದೇಶದ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ 9 ಮಂದಿಯೂ ಇರಲಿಲ್ಲ. ಈ ಎರಡು ಸಾಲುಗಳನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅವೆರಡರ ನಡುವೆ ನಮ್ಮವ್ವ ಇದ್ದಾಳೆ ಎಂಬುದು ಹೊಳೆದದ್ದು ತಡವಾಗಿ.

ಇರಲಿ. ಚಿರತೆ ನೋಡಬೇಕೆಂದರೆ ಮೊದಲು ಅದರ ಬಗ್ಗೆ ತಿಳಿಯಬೇಕಲ್ಲ. ನಾನು ಇತಿಹಾಸ ಓದಿಕೊಂಡವಳು, ಹುನಗುಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪುಲಕೇಶಿ ಯಾವಾಗ ಪಟ್ಟಕ್ಕೆ ಬಂದ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಆ ಪುಲಕೇಶಿಯ ಕೋಟೆಯ ಮೇಲೆ ರಾತ್ರಿ ಯಾರು ತಿರುಗಾಡುತ್ತಿದ್ದರು ಎಂದು ಯಾವ ಪಠ್ಯಪುಸ್ತಕವೂ ಕೇಳಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮೊದಲನೆಯ ಪುಲಕೇಶಿ 543ರಲ್ಲಿ ವಾತಾಪಿಯ ಗುಡ್ಡಕ್ಕೆ ಕೋಟೆ ಕಟ್ಟಿದ. ಮಂಗಳೇಶ 578ರಲ್ಲಿ ಮೂರನೆಯ ಗುಹೆಯನ್ನು ಮುಗಿಸಿದ. 634ರಲ್ಲಿ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಶಾಸನ ಬರೆದ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಊರನ್ನು ಗೆದ್ದುಕೊಂಡ. ಈ ನೂರು ವರ್ಷಗಳ ತುಂಬ ನಮ್ಮ ಕಡೆಯ ಕಲ್ಲುಕುಟಿಗರು ಎಷ್ಟು ಪ್ರಾಣಿಗಳನ್ನು ಕಡೆದಿದ್ದಾರೆ ನೋಡಿ. ಸಿಂಹ, ಆನೆ, ಮಕರ, ವರಾಹ, ನಾಗ, ನಂದಿ. ಈ ಸೀಮೆಯಲ್ಲಿ ಯಾರೂ ಕಂಡಿರದ ಸಿಂಹ ಕಂಬಕಂಬದಲ್ಲಿ ಕೂತಿದೆ. ಐಹೊಳೆಯಲ್ಲಿ ದುರ್ಗೆಯ ಪಕ್ಕದಲ್ಲೂ ನಿಂತಿದೆ. ತಲೆಯ ಮೇಲಿನ ಬಂಡೆಯಲ್ಲಿ ಮಲಗಿ ಕೆಳಗಿನ ಉಳಿಯ ಸಪ್ಪಳ ಕೇಳುತ್ತಿದ್ದಿರಬಹುದಾದ ಚಿರತೆ ಮಾತ್ರ ನನ್ನ ಕಣ್ಣಿಗೆ ಎಲ್ಲಿಯೂ ಬಿದ್ದಿಲ್ಲ. ರಾಜರಿಗೆ ಸಿಂಹ ಬೇಕು. ಕುರಿ ಕದಿಯುವ ಪ್ರಾಣಿಗೆ ಗುಡಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಅಗಸ್ತ್ಯ ತೀರ್ಥದ ಆಚೆ ಗುಡ್ಡದಲ್ಲಿ ಸಿಡಿಲಫಡಿ ಎಂಬ ದೊಡ್ಡ ಬಂಡೆಯ ಆಸರೆ ಇದೆ. ಅಲ್ಲಿ ಚಾಲುಕ್ಯರಿಗಿಂತ ಎಷ್ಟೋ ಹಿಂದಿನ ಮನುಷ್ಯರು ಬಿಡಿಸಿದ ಚಿತ್ರಗಳಿವೆ. ಅವರೂ ಆ ಆಸರೆಯನ್ನು ಪ್ರಾಣಿಗಳ ಕೈಯಿಂದಲೇ ಪಡೆದವರು.

ಹೆಸರಿನ ಕತೆ ಇನ್ನೂ ಸ್ವಾರಸ್ಯವಾಗಿದೆ. 1867ರಲ್ಲಿ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯರು ಭಾರತದ ಸಸ್ತನಿಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪ್ರತಿ ಪ್ರಾಣಿಗೂ ಬೇರೆ ಬೇರೆ ಭಾಷೆಯ ಜನ ಕರೆಯುವ ಹೆಸರುಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಚಿರತೆಗೆ ಕನ್ನಡದಲ್ಲಿ ಹೊನ್ನಿಗ, ಕೆರ್ಕಲ್ ಎಂದಿದೆ. ಚಿರ್ಚ, ಸಿವಂಗಿ ಎಂಬ ಹೆಸರುಗಳನ್ನು ಅವರು ಕೊಟ್ಟಿರುವುದು ಚಿರತೆಗಲ್ಲ, ಚೀತಾಕ್ಕೆ! ಅಂದರೆ ನಮ್ಮವ್ವ ಚಿರ್ಚಿ ಎಂದು ಕರೆಯುವ ಹೆಸರು ಮೂಲದಲ್ಲಿ ಬೇರೊಂದು ಪ್ರಾಣಿಯದು. ಚೀತಾ ಬಯಲಿನ ಪ್ರಾಣಿ. ತೆಳುವಾದ ಮೈ, ಮೈತುಂಬ ಬಿಡಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಅತ್ತು ಕಾಡಿಗೆ ಇಳಿದಂತೆ ಕಪ್ಪು ಗೆರೆ. ಚಿರತೆ ಬಂಡೆಯ, ಪೊದೆಯ ಪ್ರಾಣಿ. ಅದರ ಚುಕ್ಕೆಗಳು ಹೂವಿನ ಎಸಳು ಜೋಡಿಸಿದಂತೆ ಉಂಗುರ ಉಂಗುರ. ಎರಡೂ ನಮ್ಮ ನಾಡಿನಲ್ಲಿದ್ದವು. ಒಂದು ಹೋದ ಮೇಲೆ ಅದರ ಹೆಸರನ್ನು ಇನ್ನೊಂದು ತೊಟ್ಟುಕೊಂಡಿತು ಎಂದು ನನಗೆ ತೋರುತ್ತದೆ, ತೀರಿಹೋದ ಅಕ್ಕನ ಸೀರೆಯನ್ನು ತಂಗಿ ಉಟ್ಟ ಹಾಗೆ. ಅವ್ವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಆಯಿ ಹೊನ್ನಿಗ ಅಂತಿದ್ಲು ನೋಡು" ಅಂದಳು. ನನಗೆ ಮೈಯೆಲ್ಲ ಜುಂ ಎಂದಿತು. ಪುಸ್ತಕದಲ್ಲಿ ಓದಿದ್ದು ಮನೆಯಲ್ಲೇ ಸಿಕ್ಕರೆ ಹಾಗಾಗುತ್ತದೆ.

ಚೀತಾ ಎಲ್ಲಿ ಹೋಯಿತು ಎನ್ನುವುದಕ್ಕೂ ನಮ್ಮ ನಾಡಿನ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅಡಿಗೆಯಿಂದ ಹಿಡಿದು ಆನೆ ಪಳಗಿಸುವವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಪಳಗಿಸಿದ ಚೀತಾವನ್ನು ಬಿಟ್ಟು ಜಿಂಕೆ ಹಿಡಿಸುವ ವಿನೋದವೂ ಅದರಲ್ಲಿದೆ. ಇಂಥ ಬೇಟೆಯ ಬಗ್ಗೆ ನಮ್ಮ ದೇಶದಲ್ಲಿ ಸಿಗುವ ಅತಿ ಹಳೆಯ ಬರಹ ಅದೇ ಎಂದು ಬಲ್ಲವರು ಹೇಳುತ್ತಾರೆ. ಮುಂದೆ ಅಕ್ಬರನ ಹತ್ತಿರ ಒಂದೇ ಕಾಲಕ್ಕೆ ಸಾವಿರ ಚೀತಾಗಳಿದ್ದವಂತೆ. ಕಟ್ಟಿ ಸಾಕಿದ ಚೀತಾ ಮರಿ ಹಾಕುವುದು ತೀರ ಅಪರೂಪ. ಆದ್ದರಿಂದ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕು. ನೂರಾರು ವರ್ಷ ಹೀಗೆ ಹಿಡಿದರೆ ಉಳಿಯುವುದೇನು? ಕೊನೆಗೆ ನಮ್ಮ ನೆರೆಯ ಕೊಲ್ಲಾಪುರದ ಮಹಾರಾಜರು ಬೇಟೆಗೆಂದು ಆಫ್ರಿಕಾದಿಂದ ಚೀತಾ ತರಿಸಿಕೊಳ್ಳುವ ಕಾಲ ಬಂತು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಒಂದೇ ರಾತ್ರಿ ಮೂರನ್ನು ಹೊಡೆದರು. 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲವೆಂದು ಸರಕಾರವೇ ಹೇಳಿತು. ಅವ್ವ ಸಾಲಿ ಬಿಟ್ಟ ವರ್ಷವೂ ಅದೇ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಇಸವಿ ನೋಡಿದಾಗ ಪೆನ್ನು ನಿಂತಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋಕ್ಕೆ ತಂದು ಬಿಟ್ಟದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬೇಕು.

ಚಿರತೆ ಮಾತ್ರ ಉಳಿಯಿತು. ಉಳಿಯಬಾರದಿತ್ತು ಎನ್ನುವಷ್ಟು ಹೊಡೆತ ಅದಕ್ಕೂ ಬಿತ್ತು. ಬ್ರಿಟಿಷರ ಆಳಿಕೆಯಲ್ಲಿ ಹುಲಿ, ಚಿರತೆ, ತೋಳಗಳನ್ನು ಕೊಂದವರಿಗೆ ತಲೆಗೆ ಇಷ್ಟೆಂದು ಸರಕಾರದ ಖಜಾನೆಯಿಂದಲೇ ಇನಾಮು ಸಿಗುತ್ತಿತ್ತು. ಆಗ ನಮ್ಮದು ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋದದ್ದು 1885ರಲ್ಲಿ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಇದೇ ಕಲಾದಗಿ ಜಿಲ್ಲೆಯ ಜನ, ದನ ಎಣಿಕೆಯಿಲ್ಲದೆ ಸತ್ತರು. ಅಂಥ ಬರದಲ್ಲಿ ಗುಡ್ಡದ ಮೇಲೆ ಹುಲ್ಲೂ ಉಳಿಯುವುದಿಲ್ಲ, ಹುಲ್ಲು ತಿನ್ನುವ ಪ್ರಾಣಿಯೂ ಉಳಿಯುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹೆಚ್ಚು ಆಹಾರ ಬೆಳೆಯಿರಿ ಎಂಬ ಕಾಲದಲ್ಲಿ ಬೆಳೆ ಕಾಯಲೆಂದು ರೈತರಿಗೆ ಬಂದೂಕಿನ ಪರವಾನಿಗೆ ಕೊಟ್ಟರು. ಹಂದಿಗೆಂದು ಕೊಂಡ ಬಂದೂಕು ಬೇರೆಯವಕ್ಕೂ ತಿರುಗಿತು. ಅವ್ವನ ಊರಿನ ಬಂದೂಕೂ ಅಂಥದ್ದೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇದೆಲ್ಲ ನಿಂತಿತು, ಕಾಗದದ ಮೇಲಾದರೂ ನಿಂತಿತು. ಈಗ ಕಾಯಿದೆಯಲ್ಲಿ ಚಿರತೆ ಹುಲಿಯ ಸಾಲಿನಲ್ಲಿದೆ.

ಅದು ಬದುಕಿದ್ದಕ್ಕೆ ಕಾರಣ ಅದರ ಗುಣ. ಹುಲಿಗೆ ದೊಡ್ಡ ಕಾಡು ಬೇಕು, ದೊಡ್ಡ ಬೇಟೆ ಬೇಕು. ಚಿರತೆಗೆ ಕಬ್ಬಿನ ಗದ್ದೆಯೂ ಆಗುತ್ತದೆ, ಕಲ್ಲು ಒಡೆದು ಬಿಟ್ಟ ಖಣಿಯೂ ಆಗುತ್ತದೆ. ಮಂಗ, ಮೊಲ, ಹಂದಿಮರಿ, ಬೀದಿನಾಯಿ, ಮೇಕೆ, ಸಿಕ್ಕಿದ್ದರಲ್ಲಿ ಸಂಸಾರ. ಹಗಲು ಯಾರ ಕಣ್ಣಿಗೂ ಬೀಳದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಲಸ ಮಾಡಿಕೊಳ್ಳುತ್ತದೆ. ಹೆಚ್ಚು ಹೇಳುವುದಿಲ್ಲ, ನಮ್ಮಲ್ಲಿ ಕೆಲವರಿಗೆ ಈ ಬಾಳು ಪರಿಚಯವಿದ್ದೀತು. 2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ; ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಹೆಚ್ಚು. ಎಣಿಸುವುದು ಹೇಗೆಂದರೆ, ದಾರಿಯಲ್ಲಿ ಕ್ಯಾಮೆರಾ ಕಟ್ಟಿಡುತ್ತಾರೆ. ನಮ್ಮ ಹೆಬ್ಬೆಟ್ಟಿನ ಗೆರೆಯಂತೆ ಒಂದರ ಚುಕ್ಕೆಗಳು ಇನ್ನೊಂದಕ್ಕಿರುವುದಿಲ್ಲ. ಫೋಟೋ ಹೊಂದಿಸಿ ನೋಡಿ ಲೆಕ್ಕ ಹಾಕುತ್ತಾರೆ.

ಇನ್ನು ಪ್ರವಾಸದ ತಯಾರಿ. ನಮ್ಮ ಗುಂಪಿನಲ್ಲಿ ಒಂಬತ್ತು ಜನ. ಎಲ್ಲರಿಗಿಂತ ಸಣ್ಣವಳಿಗೆ 48. ಸಫಾರಿ ಎಂದರೇನು ಎಂದು ಒಬ್ಬರು ಕೇಳಿದರು. ಅದು ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು, ಅಲ್ಲಿಗೆ ಅರಬ್ಬಿಯ 'ಸಫರ್'ನಿಂದ ಬಂದದ್ದು ಎಂದೆ. ಪಕ್ಕದ ಮನೆಯ ಚಾಚಿ, "ಅಯ್ಯ, ಸಫರ್ ಅಂದ್ರ ನಮ್ಮ ಮಾತೇ ಆತಲ್ರಿ" ಎಂದು ಗಾಡಿಯಲ್ಲಿ ತನ್ನ ಜಾಗ ಆವತ್ತೇ ಹಿಡಿದರು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಕಬಿನಿ ಎಂದಳು. ಅಲ್ಲಿಯ ಕಪ್ಪು ಚಿರತೆಯ ಚಿತ್ರವನ್ನು ನೀವೂ ಕ್ಯಾಲೆಂಡರಿನಲ್ಲಿ ನೋಡಿದ್ದೀರಿ. ಆದರೆ 500 ಕಿಲೋಮೀಟರಿಗೂ ಹೆಚ್ಚು ದೂರ, ಒಬ್ಬರಿಗೆ ಒಂದು ರಾತ್ರಿಗೆ ಹೇಳುವ ದರ ಕೇಳಿ ನಮ್ಮ ಖಜಾಂಚಿ ನೀರು ಕುಡಿದರು. ರಾಜಸ್ಥಾನದ ಜವಾಯಿ ಎಂಬಲ್ಲಿ ನಮ್ಮ ಬಾದಾಮಿಯಂತೆಯೇ ಬೋಳು ಬಂಡೆಗುಡ್ಡಗಳಂತೆ. ಕುರಿ ಕಾಯುವ ರಬಾರಿ ಜನ, ಗುಡಿಯ ಮೆಟ್ಟಿಲು, ಚಿರತೆ ಎಲ್ಲ ಒಂದೇ ಕಡೆ. ಚಿರತೆ ನೋಡಲೆಂದೇ ಜನ ಹೋಗುವ ಊರು. ಓದಿ ಆಸೆಪಟ್ಟೆವು, ಅಷ್ಟೇ. ಬನ್ನೇರುಘಟ್ಟದಲ್ಲಿ 2024ರಲ್ಲಿ ಚಿರತೆ ಸಫಾರಿ ಎಂದೇ ಒಂದು ಶುರುವಾಯಿತು. ಬೇಲಿ ಹಾಕಿದ ಜಾಗದಲ್ಲಿ ಬಿಟ್ಟ ಚಿರತೆಗಳು, ಖಂಡಿತ ಕಾಣುತ್ತವೆ. ಅವ್ವ ಒಪ್ಪಲಿಲ್ಲ. "ಬೇಲಿಯೊಳಗಿನದನ್ನ ಏನ್ ನೋಡೂದು, ನಾನೂ ಬೇಲಿಯೊಳಗ ಇದ್ದಾಕಿ" ಅಂದಳು.

ಕೊನೆಗೆ ದರೋಜಿ ಎಂದಾಯಿತು. ಇಳಕಲ್ಲಿನಿಂದ ಕುಷ್ಟಗಿ, ಹೊಸಪೇಟೆ ಹಾದು ಕಮಲಾಪುರ; ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟ ಹಂಪಿಯಲ್ಲಿ. 1994ರಲ್ಲಿ ಕರಡಿಗಳಿಗೆಂದೇ ಮಾಡಿದ ಧಾಮ ಅದು. ಚಿರತೆಗಳೂ ಇವೆ, ಬಂಡೆಯ ಮೇಲೆ ಕೆಲವೊಮ್ಮೆ ಸಂಜೆ ಕಾಣುತ್ತವೆ ಎಂದು ನಮ್ಮ ಶಾಲೆಗೆ ಹಿಂದೆ ಬಂದಿದ್ದ ಅರಣ್ಯ ರಕ್ಷಕರೊಬ್ಬರು ಹೇಳಿದ್ದರು. ನಾನು ಪಟ್ಟಿ ಬರೆದೆ: ದೂರದರ್ಶಕ ಒಂದು (ಮಗಳದು), ಮೊಣಕಾಲಿನ ಪಟ್ಟಿ, ಸಕ್ಕರೆ ಕಾಯಿಲೆಯವರಿಗೆ ಡಬ್ಬಿ, ಶೌಚಾಲಯ ಎಲ್ಲೆಲ್ಲಿ ಇದೆ, ಗಾಢ ಬಣ್ಣದ ಸೀರೆ ಬೇಡ. ಕೊನೆಯದಕ್ಕೆ ದೊಡ್ಡ ಗಲಾಟೆ. ಇಳಕಲ್ಲಿನಲ್ಲಿ ಹುಟ್ಟಿ ಬೆಳೆದ ಹೆಂಗಸರಿಗೆ ಕೆಂಪು ಸೆರಗು ಬೇಡವೆಂದರೆ ಹೇಗೆ? ತೋಪು ತೆನಿಯ ಸೆರಗನ್ನು ಮಡಿಸಿ ಮೇಲೆ ಬೂದು ಬಣ್ಣದ ಶಾಲು ಹೊದೆಯಬೇಕೆಂದು ರಾಜಿಯಾಯಿತು. ಬನಶಂಕರಿ ಜಾತ್ರೆ ಮುಗಿಸಿಕೊಂಡು ಹೋಗುವುದೆಂದು ದಿನವೂ ಗೊತ್ತಾಯಿತು.

ಇಷ್ಟರಲ್ಲಿ ಬೇರೆಯೇ ಒಂದು ನಡೆಯಿತು.

ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಮೂವರು ಹುಡುಗಿಯರು ಬರುವುದು ನಿಂತಿತು. ಒಂದೇ ಹಳ್ಳಿಯವರು. ಹೊಲಗಳ ನಡುವಿನ ಮೂರು ಕಿಲೋಮೀಟರ್ ದಾರಿ. ಮೊದಲು ಜ್ವರವಿರಬೇಕು ಎಂದುಕೊಂಡೆ. ಎರಡನೆಯ ವಾರ ಅದೇ ಊರಿನ ಹುಡುಗನನ್ನು ಕೇಳಿದರೆ, "ಚಿರತಿ ಬಂದೈತಿ ರೀ ಟೀಚರ, ಅವರನ್ನ ಮನ್ಯಾಗ ಕುಂಡ್ರಿಸ್ಯಾರ" ಎಂದ. ಮೆಕ್ಕೆಜೋಳ ಆಳುದ್ದ ಬೆಳೆದಿತ್ತು, ಎರಡು ಮೇಕೆ ಹೋಗಿದ್ದವು, ಹೆಜ್ಜೆ ಗುರುತು ಎಲ್ಲರೂ ನೋಡಿದ್ದರು. "ನೀ ಹೆಂಗ ಬಂದಿ?" ಎಂದೆ. "ನಾವು ಗಂಡ್ಸ ಮಕ್ಳಲ್ರಿ" ಅಂದ. ಹಾಗೆಂದ ಹುಡುಗ ನನ್ನ ಹೆಗಲಿಗೂ ಬರುವುದಿಲ್ಲ.

ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ಸುಮ್ಮನೆ ಹೇಳಿದೆ, ಏನೂ ಯೋಚಿಸದೆ. ಅವಳು ಚಹದ ಬಟ್ಟಲು ಕೆಳಗಿಟ್ಟು, "ಯಾವಾಗ ಹೋಗೂದು?" ಅಂದಳು.

ರವಿವಾರ ಆಟೋ ಮಾಡಿಕೊಂಡು ಹೋದೆವು. ಹೆದರಿಕೆ ಸುಳ್ಳಾಗಿರಲಿಲ್ಲ, ಅದನ್ನು ಹೇಳಲೇಬೇಕು. ಪಟ್ಟಣದಲ್ಲಿ ಕೂತು ಚಿರತೆಯ ಚೆಲುವನ್ನು ಹೊಗಳುವುದು ಸುಲಭ. ಕಾರ್ಬೆಟ್ಟರು 1926ರಲ್ಲಿ ಹೊಡೆದ ರುದ್ರಪ್ರಯಾಗದ ಚಿರತೆ 125 ಜನರನ್ನು ಕೊಂದಿತ್ತೆಂದು ಸರಕಾರದ ಲೆಕ್ಕ. ಆ ಕತೆಯನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ನಾನು ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದೇನೆ. ಅಷ್ಟು ದೂರ ಯಾಕೆ, 2020ರ ಕೊನೆಯಲ್ಲಿ ನಮ್ಮ ಪಕ್ಕದ ಆನೆಗುಂದಿಯ ಹತ್ತಿರ ಒಬ್ಬ ತರುಣ ಚಿರತೆಯಿಂದಲೇ ಸತ್ತ. ಆ ಹಳ್ಳಿಯಲ್ಲಿ ಮೇಕೆ ಕಳೆದುಕೊಂಡವಳು ಗಂಡನಿಲ್ಲದ ಹೆಂಗಸು. ಪರಿಹಾರ ಬೇಕಾದರೆ ಸತ್ತ ಮೇಕೆಯನ್ನು ಪಶುವೈದ್ಯರಿಗೆ ತೋರಿಸಬೇಕು, ಫೋಟೋ ಬೇಕು, ಅರ್ಜಿ ಬೇಕು. ಚಿರತೆ ಮೇಕೆಯನ್ನು ಪೂರ್ತಿ ಒಯ್ದಿತ್ತು, ತೋರಿಸುವುದೇನನ್ನು? ಮೂರು ಸಲ ಕಚೇರಿಗೆ ಹೋಗಿ ಬಸ್ಸಿನ ರೊಕ್ಕವನ್ನೂ ಕಳೆದುಕೊಂಡಿದ್ದಳು. ನಾವು ಚಿರತೆ ನೋಡಲು ಗಾಡಿ ಮಾಡಿದ್ದೇವೆಂದು ಆಟೋದವನ ಬಾಯಿಂದ ಗೊತ್ತಾಗಿ, "ನೀವು ರೊಕ್ಕ ಕೊಟ್ಟು ನೋಡಾಕ ಹೊಂಟೀರಿ? ನಾ ರೊಕ್ಕ ಕೊಡ್ತೀನಿ, ಕರ್ಕೊಂಡ ಹೋಗ್ರಿ ಅದನ್ನ" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳ ಅರ್ಜಿಯನ್ನು ಮತ್ತೆ ನಾನೇ ಬರೆದುಕೊಟ್ಟೆ.

ಹುಡುಗಿಯೊಬ್ಬಳ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂಡಿದರು. ನಾನು ನನಗೆ ತಿಳಿದದ್ದನ್ನು ಹೇಳಿದೆ. ಚಿರತೆ ಗುಂಪಿನ ಮೇಲೆ ಬರುವುದು ತೀರ ವಿರಳ, ಸಪ್ಪಳಕ್ಕೆ ದೂರ ಸರಿಯುತ್ತದೆ. ಹೊತ್ತು ಮುಳುಗಿದ ಮೇಲೆ ಸಣ್ಣ ಮಕ್ಕಳು ಒಬ್ಬೊಬ್ಬರೇ ಇರಬಾರದು, ಬಗ್ಗಿ ಕುಳಿತವರು ಅದಕ್ಕೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ, ಮೇಕೆಗಳನ್ನು ಬಾಗಿಲಿರುವ ಗೂಡಿನಲ್ಲಿ ಕಟ್ಟಬೇಕು. ಎಲ್ಲರೂ ಮಾಸ್ತರ ಮಾತು ಕೇಳುವ ಹಾಗೆ ಕೇಳಿದರು, ಅಂದರೆ ಕೇಳಲಿಲ್ಲ. ಹುಡುಗಿಯ ಅಪ್ಪ, "ಸದ್ಯ ಇರಲಿ ಬಿಡ್ರಿ ಅಕ್ಕಾರ, ಸುಗ್ಗಿ ಆದ ಮ್ಯಾಲ ಕಳಸ್ತೀವಿ" ಎಂದ.

ಅಲ್ಲಿಯವರೆಗೆ ಸುಮ್ಮನಿದ್ದ ಅವ್ವ "ಸದ್ಯ" ಎನ್ನುವ ಮಾತಿಗೆ ತಲೆ ಎತ್ತಿದಳು. "ತಮ್ಮಾ, ನನಗೂ ಹಿಂಗ ಸದ್ಯ ಅಂದಿದ್ರು. 72 ವರ್ಷ ಆತು. ಚಿರ್ಚಿ ಸತ್ತು ಮಣ್ಣಾತು, ಸದ್ಯ ಇನ್ನಾ ಮುಗದಿಲ್ಲ" ಅಂದಳು. ಆಮೇಲೆ ತನ್ನ ಕತೆ ಹೇಳಿದಳು. ತೊಟ್ಟಿಲು, ಚಕ್ಕಡಿ, ಮಾವನ ಮುಲ್ಕಿ, ಎಲ್ಲ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗುತ್ತದೆ ಎಂದು ಹೇಳುವಾಗ ಅವಳು ನಕ್ಕಳು. ಕಟ್ಟೆಯ ಮೇಲೆ ಬೇರೆ ಯಾರೂ ನಗಲಿಲ್ಲ. ಅವಳು ಇಷ್ಟನ್ನು ಹೊರಗಿನವರ ಮುಂದೆ ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಮರುದಿನದಿಂದ ಏರ್ಪಾಡಾಯಿತು. ಊರಿನ ಹನ್ನೊಂದು ಮಕ್ಕಳು, ಗಂಡು ಹೆಣ್ಣು ಕೂಡಿ, ಒಟ್ಟಿಗೆ ಬರುವುದು. ಹೊಲಕ್ಕೆ ಹೋಗುವ ದೊಡ್ಡವರೊಬ್ಬರು ಜೊತೆಗೆ. ಸಂಜೆಯ ವಿಶೇಷ ತರಗತಿ ಬೇಡ, ಆ ಪಾಠ ಮಧ್ಯಾಹ್ನವೇ. ಮುಖ್ಯ ಗುರುಗಳು ವೇಳಾಪಟ್ಟಿ ಬದಲಿಸಲು ಒಪ್ಪಿದರು. ಮೂವರಲ್ಲಿ ಇಬ್ಬರು ಬಂದರು. ಮೂರನೆಯವಳನ್ನು ಬಾಗಲಕೋಟೆಯ ನವನಗರದಲ್ಲಿರುವ ಸೋದರಮಾವನ ಮನೆಗೆ ಕಳಿಸಿಬಿಟ್ಟಿದ್ದರು. ಅಲ್ಲಿ ಶಾಲೆಗೆ ಸೇರಿಸಿದ್ದೇವೆ ಎಂದರು. ವರ್ಗಾವಣೆ ಪತ್ರ ಕೇಳಿಕೊಂಡು ಯಾರೂ ಬಂದಿಲ್ಲ. ಎರಡು ಸಲ ಬಾಗಲಕೋಟೆಗೆ ಹೋದಾಗ ಆ ಮನೆ ಹುಡುಕಿದೆ, ಸಿಗಲಿಲ್ಲ. ಮತ್ತೆ ಹೋಗುತ್ತೇನೆ.

ಜಾತ್ರೆಗೆಂದು ಬನಶಂಕರಿಗೆ ಹೋದಾಗ ಅವ್ವನ ಊರಿಗೂ ಹೋಗಿದ್ದೆವು. ಗುಡ್ಡದ ಕಾಲುದಾರಿಯನ್ನು ಜಾಲಿ ಮುಚ್ಚಿದೆ. ಕೆಳಗೆ ಡಾಂಬರು ರಸ್ತೆಯಾಗಿದೆ, ಊರಲ್ಲೇ ಏಳನೆಯವರೆಗೆ ಶಾಲೆ ಇದೆ. ಅವ್ವ ದಾರಿಯ ಬಾಯಿಗೆ ನಿಂತು ಕೈಯಿಂದ ಬಂಡೆ ತೋರಿಸಿದಳು. ಅಲ್ಲಿ ಮಂಗಗಳು ಕುಳಿತಿದ್ದವು. "ಮಂಗ್ಯಾ ಆರಾಮ ಕುಂತಾವಂದ್ರ ಅದು ಇಲ್ಲಿಲ್ಲ" ಎಂದು ಅವಳೇ ಲೆಕ್ಕ ಹಾಕಿದಳು.

ದರೋಜಿಯಲ್ಲಿ ಮಧ್ಯಾಹ್ನ ಮೂರಕ್ಕೆ ಕಾವಲು ಗೋಪುರ ಹತ್ತಿದೆವು. ಅವ್ವನನ್ನು ಇಬ್ಬರು ಹಿಡಿದು ಹತ್ತಿಸಿದರು. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಹೋಗಿದ್ದರು. ಸ್ವಲ್ಪ ಹೊತ್ತಿಗೆ ತಾಯಿ ಕರಡಿಯೊಂದು ಬೆನ್ನ ಮೇಲೆ ಎರಡು ಮರಿ ಹೊತ್ತು ಇಳಿದು ಬಂತು. ಆಮೇಲೆ ಇನ್ನೆರಡು. ಒಂಬತ್ತು ಹೆಂಗಸರು ಎರಡು ತಾಸು ಒಂದು ಮಾತೂ ಆಡದೆ ಕುಳಿತದ್ದು ನಮ್ಮ ಓಣಿಯ ಚರಿತ್ರೆಯಲ್ಲಿ ಅದೇ ಮೊದಲು. ಐದೂವರೆಯ ಸುಮಾರಿಗೆ ನವಿಲುಗಳು ಒಮ್ಮೆಲೇ ಕೂಗಿ ಹಾರಿದವು. ಕರಡಿಗಳು ತಲೆ ಎತ್ತಿ ಒಂದೇ ಕಡೆ ನೋಡಿದವು. ಕಾವಲುಗಾರ ಪಿಸುಮಾತಿನಲ್ಲಿ ಮೇಲಿನ ಬಂಡೆಯ ಸೀಳನ್ನು ತೋರಿಸಿದ. ನಾನು ದೂರದರ್ಶಕ ಹಿಡಿದು ನೋಡಿದೆ: ನೆರಳು, ಒಣಹುಲ್ಲು, ಕಲ್ಲು. ಚಾಚಿ ಬಾಲ ಅಲುಗಿತು ಎಂದರು. ಖಜಾಂಚಿ ಅದು ಬೇರು ಎಂದರು. ಅವ್ವ ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡುತ್ತಿದ್ದಳು. ಏನು ಕಂಡಳೆಂದು ಇವತ್ತಿಗೂ ಹೇಳಿಲ್ಲ. ದಾರಿಯಲ್ಲಿ ಕುಷ್ಟಗಿಗೆ ಚಹಕ್ಕೆ ನಿಂತಾಗ ಕೇಳಿದರೆ, ಕರಡಿಗೆ ದಿನಾ ಎಷ್ಟು ಬೆಲ್ಲ ಬೇಕಾದೀತು ಎಂದು ನನ್ನನ್ನೇ ಕೇಳಿದಳು.

ಸೋಮವಾರ ತರಗತಿಗೆ ಹೋದಾಗ ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಎದ್ದುನಿಂತು, "ಚಿರತಿ ಸಿಕ್ತೇನ್ರಿ ಟೀಚರ?" ಎಂದು ಕೇಳಿದಳು. ನನಗೆ ಕಾಣಲಿಲ್ಲ ಎಂದೆ. "ಸುಮ್ನ ಅಷ್ಟ ದೂರ ಹೋದ್ರಿ. ನಿನ್ನೆ ನಮ್ಮ ಹೊಲದ ಬದುವಿನ್ಯಾಗ ಹೆಜ್ಜಿ ಮೂಡ್ಯಾವ. ಇವತ್ತ ಹನ್ನೊಂದು ಮಂದೀನೂ ನಿಂತು ನೋಡೇ ಬಂದೀವ್ರಿ" ಅಂದಳು. ಕೂರು ಎಂದು ಹೇಳಿ ಹಾಜರಿ ಪುಸ್ತಕ ತೆಗೆದೆ.